ಮೂವರು ಹುಡುಗರನ್ನು ಕೊಟ್ಟು ಒಬ್ಬ ಪಿಚರ್?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ನೋಡೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಜುಲೈ ಬಂತು ಅಂದ್ರೆ ತಂಡಗಳು ಇಪ್ಪತ್ತರ ಆಸುಪಾಸಿನ ಮೂರ್ನಾಲ್ಕು ಹುಡುಗರನ್ನು ಕೊಟ್ಟು, ಐದು ದಿನಕ್ಕೊಮ್ಮೆ ಮಾತ್ರ ಆಡೋ ಒಬ್ಬ ಪಿಚರ್‌ನನ್ನು, ಅಂದ್ರೆ ಚೆಂಡೆಸೆಯುವವನನ್ನು, ತರುತ್ತವೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ ಅಂತಾರೆ. ಆ ಮೊಳಕೆಯನ್ನೇ ಕಿತ್ತುಕೊಡೋದು ಯಾವ ಬುದ್ಧಿ?

ಉತ್ತರ: ಮೊಳಕೆ ನೋಡಿ ಹೇಳೋದು ಪಿಚರ್‌ಗಳ ವಿಷಯದಲ್ಲಿ ತುಂಬಾ ಕಷ್ಟ. 2017ರ ಆಗಸ್ಟ್ 31ರ ರಾತ್ರಿ, ಪ್ಲೇಆಫ್‌ನಲ್ಲಿ ಆಡೋಕೆ ಹೊಸಬರನ್ನು ಸೇರಿಸಿಕೊಳ್ಳೋ ಗಡುವು ಮುಗಿಯೋ ಹೊತ್ತಿಗೆ, ಹ್ಯೂಸ್ಟನ್ ಆಸ್ಟ್ರೋಸ್ ಮೂವರು ಹುಡುಗರನ್ನು ಕೊಟ್ಟು ಡೆಟ್ರಾಯಿಟ್‌ನಿಂದ 34 ವರ್ಷದ ಪಿಚರ್ ಜಸ್ಟಿನ್ ವರ್ಲ್ಯಾಂಡರ್‌ನನ್ನು ತಂದಿತು. ಆ ಮೂವರಲ್ಲಿ ಜಾಸ್ತಿ ಆಸೆ ಇದ್ದದ್ದು 19 ವರ್ಷದ ಪಿಚರ್ ಫ್ರಾಂಕ್ಲಿನ್ ಪೆರೆಜ್ ಮೇಲೆ. ಪಾಪ, ಗಾಯದ ಮೇಲೆ ಗಾಯವಾಗಿ ಆತ ಡೆಟ್ರಾಯಿಟ್ ಪರ ಮೇಜರ್ ಲೀಗ್‌ನಲ್ಲಿ, ಅಂದ್ರೆ ಅಲ್ಲಿನ ಅತಿ ಮೇಲಿನ ಲೀಗ್‌ನಲ್ಲಿ, ಒಂದು ಚೆಂಡೂ ಎಸೆಯಲಿಲ್ಲ.

ವರ್ಲ್ಯಾಂಡರ್ ಏನು ಮಾಡಿದ? ಅಕ್ಟೋಬರ್‌ನಲ್ಲಿ, ಸೀಸನ್ ಮುಗಿದ ಮೇಲಿನ ಪ್ಲೇಆಫ್‌ನಲ್ಲಿ, ಯಾಂಕೀಸ್ ವಿರುದ್ಧದ ಸರಣಿಯ ಎರಡನೇ ಪಂದ್ಯ ಸಿಕ್ಕರೆ ನೋಡಿ. ಒಂಬತ್ತೂ ಇನ್ನಿಂಗ್ಸ್ ಒಬ್ಬನೇ, 124 ಚೆಂಡು, 13 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ಗೆದ್ದದ್ದು 2-1ರಲ್ಲಿ, ಅದೂ ಕೊನೇ ಗಳಿಗೆಯಲ್ಲಿ. ಆ ವರ್ಷ ಆಸ್ಟ್ರೋಸ್ ಕೊನೆಯ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಐದು ದಿನಕ್ಕೊಮ್ಮೆ ಅನ್ನೋ ಲೆಕ್ಕ 162 ಪಂದ್ಯಗಳ ಸೀಸನ್‌ಗೆ ಸರಿ, ಆದರೆ ಅಕ್ಟೋಬರ್‌ನಲ್ಲಿ ನಡುನಡುವೆ ಬಿಡುವಿನ ದಿನ ಇರೋದರಿಂದ ಒಂದೇ ಸರಣಿಯಲ್ಲಿ ಅವನನ್ನು ಎರಡು ಸಲ, ಕೆಲವೊಮ್ಮೆ ಮೂರು ಸಲ ಇಳಿಸಬಹುದು.

ನಿಮ್ಮ ಸಂಕಟವೂ ಸುಳ್ಳಲ್ಲ. ಮೇಜರ್ ಲೀಗ್‌ಗೆ ಬಂದ ಹುಡುಗ ಆರು ವರ್ಷದ ಸರ್ವಿಸ್ ಮುಗಿಸೋವರೆಗೂ ತಂಡದ ಕೈಯಲ್ಲೇ ಇರುತ್ತಾನೆ, ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳಕ್ಕೆ. ಬಿಟ್ಟುಕೊಡೋದು ಅದನ್ನೇ. 1987ರಲ್ಲಿ ಡೆಟ್ರಾಯಿಟ್ 36 ವರ್ಷದ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ಗಾಗಿ 20 ವರ್ಷದ ಪಿಚರ್ ಜಾನ್ ಸ್ಮೋಲ್ಟ್ಜ್‌ನನ್ನು ಅಟ್ಲಾಂಟಾಕ್ಕೆ ಕೊಟ್ಟಿತು. ಸ್ಮೋಲ್ಟ್ಜ್ 213 ಪಂದ್ಯ ಗೆದ್ದು 2015ರಲ್ಲಿ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದ. ಎಲ್ಲರೂ ಇವತ್ತಿಗೂ ಅದನ್ನು ಕೆಟ್ಟ ವ್ಯಾಪಾರ ಅಂತ ಬೈತಾರೆ. ನಾನು ಬೈಯಲ್ಲ. ಅಲೆಕ್ಸಾಂಡರ್ ಬಂದು ಒಂಬತ್ತು ಗೆದ್ದ, ಒಂದೂ ಸೋಲಲಿಲ್ಲ, ಡೆಟ್ರಾಯಿಟ್ ತನ್ನ ವಿಭಾಗ ಗೆದ್ದದ್ದು ಬರೀ ಎರಡು ಪಂದ್ಯದ ಅಂತರದಲ್ಲಿ. ಮುಂದೆ ಪ್ಲೇಆಫ್‌ನಲ್ಲಿ ಅವನು ಎಡವಿದ, ನಿಜ. ಆದರೆ ಅವನಿಲ್ಲದೆ ಅಲ್ಲಿವರೆಗೆ ಹೋಗೋದೇ ಕಷ್ಟವಿತ್ತು ಅಲ್ವಾ?

ಹಾಗಾಗಿ ಹುಡುಗರ ಪಟ್ಟಿಗಿಂತ ಮೊದಲು ನಾನು ನೋಡೋದು ಅಂಕಪಟ್ಟಿ. ಗೆಲುವು ಕೈಗೆಟುಕೋ ದೂರದಲ್ಲಿದ್ದರೆ ಕೊಡಲಿ. 2018ರಲ್ಲಿ ಪಿಟ್ಸ್‌ಬರ್ಗ್‌ಗೆ ಅದು ಎಟುಕೋ ದೂರದಲ್ಲಿ ಇರಲಿಲ್ಲ. ಜುಲೈನಲ್ಲಿ ಸಾಲಾಗಿ ಹನ್ನೊಂದು ಪಂದ್ಯ ಗೆದ್ದ ಹುರುಪಿನಲ್ಲಿ ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್, ಅದರ ಮೇಲೆ ಶೇನ್ ಬಾಜ್‌ನನ್ನೂ ಟ್ಯಾಂಪಾ ಬೇಗೆ ಕೊಟ್ಟು ಪಿಚರ್ ಕ್ರಿಸ್ ಆರ್ಚರ್‌ನನ್ನು ತಂದರು. ಆ ವರ್ಷ ವಿಭಾಗದಲ್ಲಿ ನಾಲ್ಕನೇ ಸ್ಥಾನ. 2020ರಲ್ಲಿ ಆರ್ಚರ್ ಶಸ್ತ್ರಚಿಕಿತ್ಸೆಯಾಗಿ ಒಂದೂ ಪಂದ್ಯ ಆಡಲಿಲ್ಲ. ಅದೇ ವರ್ಷ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಟ್ಯಾಂಪಾ ಬೇ ಪರ ಚೆಂಡು ಹಿಡಿದು ಪಿಚರ್‌ನ ದಿಣ್ಣೆ ಮೇಲೆ ನಿಂತವನು ಗ್ಲಾಸ್ನೋ.