ಪ್ರಸಾದ ಸ್ವೀಕರಿಸಿದ ಮೇಲಿನ ಕಾಲು ಗಂಟೆ

ಬಾಗಲಕೋಟೆ ನವನಗರದ ಕಥೋಲಿಕ ಸಹೋದರಿಯೊಬ್ಬರು ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಕೊಡುವ ಪರಮಪ್ರಸಾದದ, ಅಂದರೆ ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿಯ, ಬಗ್ಗೆ ಬರೆದಿದ್ದಾರೆ: "ಪ್ರತಿ ರವಿವಾರ ಪರಮಪ್ರಸಾದ ಸ್ವೀಕರಿಸುತ್ತೇನೆ. ಆದರೆ ಮನಸ್ಸಿಗೆ ಏನೂ ಆಗುವುದಿಲ್ಲ. ಬೆಳಗಾವಿಯ ರಾತ್ರಿ ಆರಾಧನೆಗೆ ಹೋಗಿ ಬಂದವರು ಹಾಡು ಕೇಳಿ ಅತ್ತು ಹಗುರಾದೆವು ಅನ್ನುತ್ತಾರೆ. ನಾನೂ ಹೋಗಲೇ? ಇಲ್ಲಿ ಪ್ರಸಾದ ತಗೊಂಡ ಕೂಡಲೇ ಬಸ್ಸಿಗೆ ಓಡಬೇಕಾಗುತ್ತದೆ."

ಹೋಗಿ ಬನ್ನಿ ಸಹೋದರಿ. ಅಂಥ ಆರಾಧನೆಯಿಂದ ಎಷ್ಟೋ ವರ್ಷದ ಮೇಲೆ ಪಾಪನಿವೇದನೆಗೆ ಮರಳಿದವರುಂಟು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ.

ಮೊದಲು ಒಂದು ಭಾರ ಇಳಿಸಿಕೊಳ್ಳಿ. ಮನಸ್ಸು ಕರಗಲೇಬೇಕೆಂದು ಧರ್ಮಸಭೆ (ಕಥೋಲಿಕ ಚರ್ಚು) ಎಂದೂ ಕೇಳಿಲ್ಲ. 1905ರಲ್ಲಿ ಜಗದ್ಗುರು (ಪೋಪ್) ಹತ್ತನೇ ಪಿಯುಸ್ ಅವರ ಕಾಲದಲ್ಲಿ ಹೊರಟ ಆಜ್ಞೆ, ಪದೇಪದೇ ಪ್ರಸಾದ ಸ್ವೀಕರಿಸಲು ಕೇಳಿದ್ದು ಎರಡನ್ನೇ: ಘೋರ ಪಾಪದಲ್ಲಿ ಇರಬಾರದು, ಉದ್ದೇಶ ನೆಟ್ಟಗಿರಬೇಕು. ರೂಢಿಗೆಂದೋ, ನಾಲ್ಕು ಜನ ನೋಡಲೆಂದೋ ಹೋಗಬಾರದು, ಅಷ್ಟೇ. ಆದರೆ ಅದೇ ಆಜ್ಞೆ ಮುಂಚಿನ ಸಿದ್ಧತೆ ಮತ್ತು ಆಮೇಲಿನ ಕೃತಜ್ಞತೆ ಬೇಕೆಂದೂ ಹೇಳುತ್ತದೆ. ಇವೆರಡನ್ನು ನಾವು ಕೈಬಿಟ್ಟು, ಭಕ್ತಿ ಯಾಕೆ ಬೆಳೆಯುತ್ತಿಲ್ಲ ಅಂತ ಚಿಂತಿಸುತ್ತಿದ್ದೇವೆ.

ಸಿದ್ಧತೆ ಶನಿವಾರ ರಾತ್ರಿಯೇ ಶುರುವಾಗಲಿ. ಮರುದಿನ ಪೂಜೆಯಲ್ಲಿ ಓದುವ ಬೈಬಲಿನ ಶುಭಸಂದೇಶ ಭಾಗವನ್ನು ಒಮ್ಮೆ ಓದಿ, ಯಾರಿಗಾಗಿ ಬಲಿಪೂಜೆ ಅರ್ಪಿಸುತ್ತೀರಿ ಅನ್ನುವುದನ್ನು ಗಟ್ಟಿ ಮಾಡಿಕೊಂಡು ಮಲಗಿ. ಉಪವಾಸ ಒಂದು ಗಂಟೆ. ಇದನ್ನು ಎಣಿಸುವುದು ಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ, ಪೂಜೆ ಆರಂಭದಿಂದಲ್ಲ. ನೀರು, ಔಷಧಿಗೆ ಅಡ್ಡಿಯಿಲ್ಲ. ಚಹಾಕ್ಕೆ ಅಡ್ಡಿ ಉಂಟು. ವಯಸ್ಸಾದವರಿಗೆ, ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ಈ ನಿಯಮದಿಂದ ವಿನಾಯಿತಿ ಇದೆ.

ಸರತಿ ಬಂದಾಗ ತಲೆಬಾಗಿ. ಕೈಯಲ್ಲಿ ಸ್ವೀಕರಿಸುವವರು ಬಲಗೈ ಮೇಲೆ ಎಡ ಅಂಗೈಯನ್ನು ಚಪ್ಪಟೆಯಾಗಿ ಹಿಡಿಯಬೇಕು. ರಾಜನನ್ನು ಸ್ವೀಕರಿಸುವ ಕೈಗೆ ಇನ್ನೊಂದು ಕೈಯನ್ನು ಸಿಂಹಾಸನ ಮಾಡಿ ಎಂದು ನಾಲ್ಕನೇ ಶತಮಾನದಲ್ಲೇ ಜೆರುಸಲೇಮಿನ ಸಂತ ಸಿರಿಲ್ ಕಲಿಸಿದ್ದರು. ಬೆರಳು ಚಾಚಿ ಎತ್ತಿಕೊಳ್ಳಬಾರದು. "ಆಮೆನ್" ಕೇಳಿಸುವಂತೆ ಹೇಳಿ. ಗುರುಗಳ ಎದುರಲ್ಲೇ, ತಿರುಗುವ ಮೊದಲೇ ಬಾಯಿಗಿಡಿ. ಆಮೇಲೆ ಅಂಗೈ ನೋಡಿಕೊಳ್ಳಿ. ಕಣ ಅಂಟಿದ್ದರೆ ಅದನ್ನೂ ಸೇವಿಸಿ, ಸೀರೆಗೆ ಒರೆಸಬೇಡಿ. ಆ ಕಣದಲ್ಲೂ ಕ್ರಿಸ್ತರು ಪೂರ್ಣವಾಗಿಯೇ ಇದ್ದಾರೆ.

ರೊಟ್ಟಿಯ ರೂಪ ಇರುವವರೆಗೆ ಪ್ರಭುವಿನ ಸಾನ್ನಿಧ್ಯವೂ ಇರುತ್ತದೆ ಎಂಬುದು ನಮ್ಮ ವಿಶ್ವಾಸ. ಹಾಗಾದರೆ ಪ್ರಸಾದ ಬಾಯಲ್ಲಿರುವಾಗಲೇ ಹೊರಬಾಗಿಲ ಚಪ್ಪಲಿ ಹುಡುಕುವುದೇ? ರೋಮಿನಲ್ಲಿ ಹಾಗೆ ಹೊರಟ ಒಬ್ಬನ ಹಿಂದೆ ಸಂತ ಫಿಲಿಪ್ ನೇರಿ ಮೇಣದಬತ್ತಿ ಹಿಡಿದ ಇಬ್ಬರು ಹುಡುಗರನ್ನು ಕಳಿಸಿದರಂತೆ. ನಡೆದು ಹೋಗುತ್ತಿರುವುದು ಪರಮಪ್ರಸಾದದ ಮೆರವಣಿಗೆ ಎಂದು ಅವನಿಗೆ ತಿಳಿಯಲಿ ಅಂತ. ಆವಿಲಾದ ಸಂತ ತೆರೇಸಾ ಕೂಡ ತಮ್ಮ ಕನ್ಯಾಸ್ತ್ರೀಯರಿಗೆ ಈ ಹೊತ್ತನ್ನು ಕಳೆದುಕೊಳ್ಳಬೇಡಿರೆಂದು ಒತ್ತಿ ಹೇಳಿದ್ದಾರೆ.

ಆದ್ದರಿಂದ ಮುಂದಿನ ಬಸ್ಸಿಗೆ ಹೋಗಿ. ಕಾಲು ಗಂಟೆ ಕುಳಿತುಕೊಳ್ಳಿ. ಮೊದಲು ಮಾತಿಲ್ಲದೆ ಆರಾಧಿಸಿ. ಆಮೇಲೆ ಆ ವಾರ ನಡೆದ ಒಂದು ನಿಜ ಸಂಗತಿಗೆ ವಂದನೆ ಹೇಳಿ, ಮಗನ ಜ್ವರ ಇಳಿದದ್ದೋ, ಸಂಬಳ ಬಂದದ್ದೋ. ನಂತರ ಬೇಡಿ, ಕಡೆಗೆ ಬರುವ ವಾರವನ್ನು ಒಪ್ಪಿಸಿ. ಮನಸ್ಸು ಅಡುಗೆಮನೆಗೆ ಓಡಿದರೆ ಗಾಬರಿ ಬೇಡ, ಆ ಅಡುಗೆಮನೆಯನ್ನೇ ಪ್ರಭುವಿಗೆ ತೋರಿಸಿ. ಇಲ್ಲಿ ಎಡವುವುದು ಒಂದೇ ಕಡೆ: ಪುಸ್ತಕ ತೆರೆದು ಹತ್ತು ಜಪ ಗಡಿಬಿಡಿಯಲ್ಲಿ ಮುಗಿಸುವುದು. ಒಂದೇ ಜಪ ಸಾಕು, ನಿಧಾನವಾಗಿ.

ಪೂಜೆ ಸಿಗದ ದಿನಗಳಿಗೆ ಸಂತ ಅಲ್ಫೋನ್ಸುಸ್ ಲಿಗೋರಿ ಕಲಿಸಿದ ಆತ್ಮಿಕ ಪ್ರಸಾದ ಸ್ವೀಕಾರವಿದೆ: ನೀವಿಲ್ಲಿ ಇದ್ದೀರೆಂದು ನಂಬುತ್ತೇನೆ, ನಿಮ್ಮನ್ನು ಪ್ರೀತಿಸುತ್ತೇನೆ, ಈಗ ಸ್ವೀಕರಿಸಲಾಗದ್ದರಿಂದ ಆತ್ಮಿಕವಾಗಿಯಾದರೂ ಬನ್ನಿ, ಎಂದೂ ಅಗಲದಿರಿ ಎನ್ನುವುದು ಅದರ ಹುರುಳು. ಒಲೆ ಮುಂದೆ ನಿಂತೂ ಮಾಡಬಹುದು. ವಿಯೆಟ್ನಾಮಿನಲ್ಲಿ 1975ರಲ್ಲಿ ಬಂಧಿತರಾದ ಧರ್ಮಾಧ್ಯಕ್ಷ (ಬಿಷಪ್) ವಾನ್ ತುವಾನ್ 13 ವರ್ಷ ಸೆರೆಯಲ್ಲಿದ್ದರು. ಹೊಟ್ಟೆನೋವಿನ ಔಷಧಿ ಎಂದು ಚೀಟಿ ಅಂಟಿಸಿ ಭಕ್ತರು ಕಳಿಸಿದ ದ್ರಾಕ್ಷಾರಸದಿಂದ ಮೂರು ಹನಿ, ನೀರು ಒಂದು ಹನಿ ಅಂಗೈಯಲ್ಲಿ ಹಾಕಿಕೊಂಡು ಬಲಿ ಅರ್ಪಿಸಿದರು. ನಮಗೆ ಗುಡಿ ಇದೆ, ಗಂಟೆ ಇದೆ, ಗುರುಗಳಿದ್ದಾರೆ. ಇಲ್ಲದ್ದು ಕಾಲು ಗಂಟೆ.

ಇದೆಲ್ಲ ಭಕ್ತರ ತಪ್ಪೇ ಎಂದು ನಾನು ಒಪ್ಪುವುದಿಲ್ಲ. ಪ್ರಸಾದ ಹಂಚಿ ಮುಗಿಯುವ ಮೊದಲೇ ಪ್ರಕಟಣೆ ಶುರುವಾಗುವ ಗುಡಿಗಳಿವೆ: ಕುಟುಂಬ ಕೂಟ, ವಂತಿಗೆ ಬಾಕಿ, ಹುಟ್ಟುಹಬ್ಬ. ಪ್ರಕಟಣೆಗಳ ಜಾಗ ಪ್ರಸಾದೋತ್ತರ ಪ್ರಾರ್ಥನೆ ಆದ ಮೇಲೆ. ಅದಕ್ಕೂ ಮುಂಚಿನದು ಮೌನದ ಹೊತ್ತು ಎಂದು ಪೂಜಾವಿಧಿಯ ನಿಯಮದಲ್ಲೇ ಇದೆ. ಗಾಯನವೃಂದದವರೂ ಮೂರನೇ ಹಾಡನ್ನು ಬಿಟ್ಟುಕೊಡಲಿ. ಮೊದಲ ಪರಮಪ್ರಸಾದದ ದಿನ ಫೋಟೋದವರು ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಬಾಯಲ್ಲಿ ಪ್ರಭು ಇರುವಾಗ ನಗು ಎಂದು ಹೇಳಿಸಿಕೊಂಡ ಮಗು ಏನು ಕಲಿತೀತು? ವಾರದ ದಿನಗಳಲ್ಲಿ ಗುಡಿಗೆ ಬೀಗ. ಕಳ್ಳರ ಭಯ ನಿಜವೇ. ಆದರೂ ಸಂಜೆ ಒಂದು ತಾಸು ಇಬ್ಬರು ಸರದಿಯಲ್ಲಿ ಕೂತರೆ ಬಾಗಿಲು ತೆರೆದಿಡಬಹುದು.

ಸಹೋದರಿ, ನಿಮ್ಮ ಗುರುಗಳ ಹತ್ತಿರ, ಪಾಲನಾ ಸಮಿತಿಯವರ ಹತ್ತಿರ ಈ ಒಂದು ತಾಸಿನ ಮಾತು ಎತ್ತಿ. ಮೊದಲ ಸರದಿಗೆ ನಿಮ್ಮ ಹೆಸರನ್ನೇ ಕೊಡಿ.