ದಸರಾ ಆದ ಮೇಲೆ ಗುಲಾಬಿಗೆ ಕತ್ತರಿ ಹಾಕಬೇಡ

"ಅಕ್ಕಾ, ಮಿನಿಯಾಪೊಲಿಸ್‌ನಲ್ಲಿ ಇದು ನಮ್ಮ ಮೊದಲನೇ ವರ್ಷ. ಬೇಸಿಗೆಯಲ್ಲಿ ನಾಲ್ಕು ಗುಲಾಬಿ ಗಿಡ ನೆಟ್ಟೆ. ದಸರಾ ಆದ ಮೇಲೆ ಕತ್ತರಿಸಿ ಗೊಬ್ಬರ ಹಾಕು ಅಂತ ಮೈಸೂರಿನಿಂದ ಅಮ್ಮ ಹೇಳ್ತಿದ್ದಾರೆ. ಹಾಗೇ ಮಾಡಲಾ?" ಅಂತ ಕೇಳಿದ್ದೀಯ. ಅಕ್ಕಾ ಅಂದಿದ್ದೀಯಲ್ಲ, ಏಕವಚನದಲ್ಲೇ ಬರೆಯುತ್ತೇನೆ.

ನಾನೀಗ ಮಂಡ್ಯದಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಜಗಲಿಯಲ್ಲಿ ಕೂತರೆ ಎದುರಿಗೇ ಪನ್ನೀರ್ ಗುಲಾಬಿ. ನಿಮ್ಮಮ್ಮ ಹೇಳಿದ್ದು ಇಲ್ಲಿಗೆ ಪೂರ್ತಿ ಸರಿ. ಮಳೆ ಕಡಿಮೆಯಾದ ಮೇಲೆ ಕತ್ತರಿಸಿ ಗೊಬ್ಬರ ಕೊಟ್ಟರೆ ಸಂಕ್ರಾಂತಿಯೊಳಗೆ ಗಿಡದ ತುಂಬ ಹೂವು. ಆದರೆ ಅಮೆರಿಕದ ಉತ್ತರದ ಆ ಚಳಿ ಊರಲ್ಲಿ ಹಾಗೆ ಮಾಡಿದರೆ ಗಿಡ ಎಳೆ ಚಿಗುರು ಬಿಡುತ್ತದೆ, ಆ ಚಿಗುರು ಫ್ರಾಸ್ಟ್ (ಇಬ್ಬನಿಯೇ ಹೆಪ್ಪುಗಟ್ಟುವ ಚಳಿ) ಬಿದ್ದ ರಾತ್ರಿಯೇ ಕಪ್ಪಾಗುತ್ತದೆ. ಅಲ್ಲಿ ಚಳಿಗಾಲಕ್ಕೆ ಗಿಡ ನಿದ್ದೆಗೆ ಜಾರಬೇಕು. ಆಗಸ್ಟ್ ಮಧ್ಯಕ್ಕೇ ಗೊಬ್ಬರ ನಿಲ್ಲಿಸಬೇಕು. ಸೆಪ್ಟೆಂಬರ್‌ನಲ್ಲಿ ಬಾಡಿದ ಹೂವನ್ನೂ ಕೀಳಬೇಡ, ಕಾಯಿ ಕಟ್ಟಲಿ. ನೀರು ಮಾತ್ರ ನೆಲ ಹೆಪ್ಪುಗಟ್ಟುವವರೆಗೂ ಕೊಡು.

ಅಲ್ಲಿ ನನ್ನ ಮೊದಲ ಚಳಿಗಾಲದಲ್ಲಿ ಒಂದು ಕಡುಗೆಂಪು ಗುಲಾಬಿಗೆ ಕಂಬಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದ್ದೆ. ಮಾರ್ಚ್ ಬಿಸಿಲಿಗೆ ಒಳಗೆ ಬೆಚ್ಚಗಾಗಿ ಗಿಡ ಎಚ್ಚರವಾಯಿತು. ನಾಲ್ಕೇ ದಿನಕ್ಕೆ ಮತ್ತೆ ಮೈನಸ್ 10. ಕಡ್ಡಿಗಳೆಲ್ಲ ಕಂದು. ಜೂನ್‌ನಲ್ಲಿ ಬುಡದಿಂದ ಚಿಗುರು ಬಂದಾಗ ಎಷ್ಟು ಖುಷಿಪಟ್ಟೆ ಗೊತ್ತಾ? ಆದರೆ ಎಲೆ ಬೇರೆ ಥರ ಇತ್ತು. ಒಂದೊಂದು ತೊಟ್ಟಿನಲ್ಲೂ ಏಳು, ಒಂಬತ್ತು ಸಣ್ಣ ಎಲೆ. ಮರುವರ್ಷ ಗೊಂಚಲು ಗೊಂಚಲು ಬಿಳಿ ಹೂ. ಕಸಿ ಕಟ್ಟಿದ ಕೆಂಪು ಗುಲಾಬಿ ಸತ್ತು, ಕೆಳಗಿನ ಕಾಡು ಗುಲಾಬಿ ಎದ್ದು ನಿಂತಿತ್ತು. ತುಂಬಾ ಬೇಜಾರಾಯಿತು.

ಮೈನಸ್ 25 ಚಳಿಗಿಂತಲೂ ಕರಗೋದು, ಹೆಪ್ಪುಗಟ್ಟೋದು, ಮತ್ತೆ ಕರಗೋದು, ಇದೇ ಗಿಡಕ್ಕೆ ಜಾಸ್ತಿ ಅಪಾಯ ಅಂತ ಅವತ್ತು ಅರ್ಥವಾಯಿತು. ಕಾಪಾಡಬೇಕಾದ್ದು ಕಸಿಯ ಗಂಟನ್ನು, ಅಂದರೆ ಹೂವಿನ ತಳಿಯನ್ನು ಕಾಡು ಗುಲಾಬಿಯ ಬುಡಕ್ಕೆ ಕೂಡಿಸಿದ ಜಾಗವನ್ನು. ಅದಕ್ಕೆ ಬೇಕಾದ ಕೆಲಸ ನಮ್ಮೂರಿನವರಿಗೆ ಹೊಸದೇನಲ್ಲ. ಕಬ್ಬಿಗೆ ಮಣ್ಣು ಏರಿಸುವುದನ್ನು ನೋಡಿದ್ದೀಯಲ್ವಾ? ಅದೇ. ಎರಡು ಮೂರು ಸಲ ಗಟ್ಟಿ ಫ್ರಾಸ್ಟ್ ಬಿದ್ದ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ, ಬುಡಕ್ಕೆ ಒಂದಡಿ ಎತ್ತರ ಮಣ್ಣು ಏರಿಸು. ಆ ಮಣ್ಣನ್ನು ಬೇರೆ ಕಡೆಯಿಂದ ತಾ. ಗಿಡದ ಸುತ್ತಲೇ ಕೆರೆದರೆ ಬೇರು ಮೇಲೆ ಬರುತ್ತದೆ. ಗುಡ್ಡೆ ಹೆಪ್ಪುಗಟ್ಟಿದ ಮೇಲೆ ಸುತ್ತ ತಂತಿ ಬಲೆ ನಿಲ್ಲಿಸಿ ಒಣಗಿದ ಎಲೆ ತುಂಬು, ಕಬ್ಬಿನ ಗದ್ದೆಯಲ್ಲಿ ತರಗು ಹೊದಿಸಿದ ಹಾಗೆ. ಬಲೆ ಇದ್ದರೆ ಮೊಲಗಳೂ ಕಡ್ಡಿ ಕಡಿಯೋದಿಲ್ಲ. ಗಾಳಿಗೆ ಬಡಿಯುವಷ್ಟು ಉದ್ದ ಇರುವ ಕಡ್ಡಿಯನ್ನು ಮಾತ್ರ ತುಸು ಮೊಟಕು ಮಾಡಿ, ಉಳಿದದ್ದನ್ನು ದಾರದಲ್ಲಿ ಕಟ್ಟು.

ಗುಡ್ಡೆಯ ಮೇಲಿನ ಭಾಗ ಒಣಗಿದರೆ ಹೆದರಬೇಡ. ಒಳಗೆ ಗಂಟು ಉಳಿದಿದ್ದರೆ ಸಾಕು, ಕೂಳೆ ಕಬ್ಬು ಬುಡದಿಂದ ಬರುವುದಿಲ್ವಾ, ಹಾಗೇ ಗಂಟಿನಿಂದ ಬರುತ್ತದೆ. ಏಪ್ರಿಲ್‌ನಲ್ಲಿ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಸರಿಸು. ಆಮೇಲೆ ಕತ್ತರಿ ಹಿಡಿ. ಕಡ್ಡಿಯ ತಿರುಳು ಕಂದಿದ್ದರೆ ಇನ್ನೂ ಕೆಳಗೆ ಕತ್ತರಿಸು. ಬೆಳ್ಳಗೆ, ಹಸಿರಂಚಿನಲ್ಲಿ ಕಂಡರೆ ಅಲ್ಲಿಗೆ ನಿಲ್ಲಿಸು.

ಅಲ್ಲಿನ ಕೆಲವರು ಬೇರನ್ನು ಒಂದು ಕಡೆ ಸಡಿಲಿಸಿ, ಗಿಡವನ್ನೇ ಪಕ್ಕದಲ್ಲಿ ತೋಡಿದ ಕಾಲುವೆಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ. 'ಮಿನೆಸೋಟಾ ಟಿಪ್' ಅಂತಾರೆ, ಇಲ್ಲಿ ಟಿಪ್ ಅಂದರೆ ಬಾಗಿಸಿ ಮಲಗಿಸೋದು. ಒಳ್ಳೆಯ ವಿಧಾನವೇ, ಆದರೆ ಮೊದಲ ವರ್ಷವೇ ಬೇಡ.

ಮುಂದೆ ಹೊಸ ಗಿಡ ತಂದರೆ ಕಸಿಯ ಗಂಟು ನಾಲ್ಕು ಇಂಚು ಮಣ್ಣೊಳಗೆ ಹೋಗುವ ಹಾಗೆ ನೆಡು. ಮೈಸೂರಿನಲ್ಲಿ ಗಂಟು ಮೇಲಿರಲಿ ಅಂತೀವಿ, ಅಲ್ಲಿ ತದ್ವಿರುದ್ಧ. ಇಷ್ಟು ಆರೈಕೆಗೆ ಪುರುಸೊತ್ತಿಲ್ಲ ಅಂದರೆ ಕೆನಡಾದವರು ಚಳಿಗೆಂದೇ ಬೆಳೆಸಿದ ಎಕ್ಸ್‌ಪ್ಲೋರರ್ ತಳಿಗಳಿವೆ. ಅಲ್ಲಿನ ನಮ್ಮ ಬೇಲಿಗೆ ಅವುಗಳಲ್ಲಿ ಒಂದಾದ ವಿಲಿಯಂ ಬ್ಯಾಫಿನ್ ಹಬ್ಬಿದೆ. ಅದಕ್ಕೆ ನಾನು ಏನೂ ಹೊದಿಸುವುದಿಲ್ಲ.

ವಿಜಯದಶಮಿ ಮುಗಿಸಿಕೊಂಡು ವಾಪಸ್ ಬರುತ್ತೇನೆ. ಅಷ್ಟರಲ್ಲಿ ಒಂದು ಕೆಲಸ ಮಾಡಿಡು. ಗಿಡಕ್ಕೆ ಎರಡು ಬಕೆಟ್ ಲೆಕ್ಕದಲ್ಲಿ ಒಣ ಮಣ್ಣು ತುಂಬಿ ಗ್ಯಾರೇಜಿನಲ್ಲಿ ಇಡು. ನವೆಂಬರ್‌ನಲ್ಲಿ ಅಂಗಳದ ಮಣ್ಣಿಗೆ ಸಲಿಕೆ ಇಳಿಯದೆ ಹೋಗಬಹುದು.