ಬೋರ್ ನೀರಿನ ಪಿಎಚ್ ಇಳಿಸೋಕೆ ಡ್ರಾಪ್ಸ್ ಒಳ್ಳೆಯದಾ, ಬಾದಾಮಿ ಎಲೆಯಾ?

ಹುಬ್ಬಳ್ಳಿಯ ಬೋರ್ ನೀರು, ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 8ರ ಮೇಲೆ, ಅಕ್ವೇರಿಯಂನ ನಿಯಾನ್ ಟೆಟ್ರಾ ಮೀನಿಗೆ 6 ಮಾಡಬೇಕು. ಇದೇ ತಾನೇ ನಿಮ್ಮ ಪ್ರಶ್ನೆ? ಆ 6ರ ಹುಚ್ಚೇ ಬಿಡಿ ರೀ. ನನಗೂ ಹಿಡಿದಿತ್ತು.

ಧಾರವಾಡದ ಬಾಡಿಗೆ ಮನೆ. ಮಲಪ್ರಭೆ ನೀರು ನಳದಲ್ಲಿ ಬಂದಾಗ ಬಂತು, ಅದು ಕುಡಿಯೋಕೆ. ಮೀನಿಗೆ ಬೋರ್ ನೀರೇ ಗತಿ. ಅದನ್ನು ಕಾಯಿಸುವ ಪಾತ್ರೆಯ ತಳವನ್ನು ಉಗುರಿನಿಂದ ಕೆರೆದರೆ ಸುಣ್ಣದ ಹಕ್ಕಳೆ ಏಳುತ್ತಿತ್ತು. ದಿನಾ ಕಣ್ಣೆದುರೇ ಇತ್ತು, ನೀರು ಗಡಸು ಅಂತ ತಲೆಗೆ ಹೋಗಲಿಲ್ಲ.

ಇಪ್ಪತ್ತು ಟೆಟ್ರಾ ತಂದೆ. ಅಮೆಜಾನ್ ಕಡೆಯ ಮೀನು, ಹುಳಿ ನೀರು ಬೇಕು ಅಂತ ಓದಿ ಆ್ಯಸಿಡ್ ಡ್ರಾಪ್ಸ್ ಹಾಕಿದೆ. ಸಂಜೆ ಟೆಸ್ಟ್ ಕಿಟ್‌ನಲ್ಲಿ ಹಳದಿ, ಅಂದರೆ 6. ಬೆಳಿಗ್ಗೆ ನೋಡಿದರೆ ಮತ್ತೆ ನೀಲಿ, ಅಂದರೆ ಪಿಎಚ್ ಮೇಲೇರಿದೆ. ಮತ್ತೆ ಹಾಕಿದೆ. ಆರು ದಿನ ಇದೇ ಆಟ. ಆಗುತ್ತಿದ್ದದ್ದು ಇಷ್ಟು: ಗಡಸು ನೀರಲ್ಲಿ ಕರಗಿರುವ ಬೈಕಾರ್ಬೊನೇಟ್ ಅನ್ನೋ ಅಂಶ ಆ್ಯಸಿಡ್ ನುಂಗಿ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ. ಆ ಗ್ಯಾಸ್ ನೀರಲ್ಲಿ ಇರುವ ತನಕ ಪಿಎಚ್ ಕೆಳಗೆ. ರಾತ್ರಿಯಿಡೀ ಏರ್ ಪಂಪ್ ಓಡಿ ಗ್ಯಾಸ್ ಹೋಯಿತೋ, ಪಿಎಚ್ ಮೇಲೆ. ಆದರೆ ಒಂದೊಂದು ಸಲಕ್ಕೂ ಬೈಕಾರ್ಬೊನೇಟ್ ಖರ್ಚಾಗುತ್ತಲೇ ಇತ್ತು. ಏಳನೇ ದಿನ ಪೂರ್ತಿ ಖಾಲಿ. ನಾನು ಅವತ್ತೂ ಅಷ್ಟೇ ಹನಿ ಹಾಕಿದೆ. ಮರುದಿನ ಬೆಳಿಗ್ಗೆ ಹಳದಿ ಹಾಗೇ ನಿಂತಿತ್ತು. ಗೆದ್ದೆ ಅಂತ ಖುಷಿಯಾಗಿ ಚಹಾ ಕುಡಿದೆ. ನನ್ನ ಕಿಟ್ 6ರ ಕೆಳಗೆ ಎಷ್ಟಿದ್ದರೂ ಹಳದಿಯನ್ನೇ ತೋರಿಸುತ್ತದೆ. 5 ಇದ್ದರೂ ಅದೇ ಹಳದಿ, 4 ಇದ್ದರೂ ಅದೇ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು, ಗೊತ್ತಲ್ವಾ? ಮಧ್ಯಾಹ್ನದೊಳಗೆ ಹದಿನಾಲ್ಕು ಮೀನು ಹೋದವು. ಉಳಿದ ಆರರ ನೀಲಿ ಪಟ್ಟೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಅಮೆಜಾನ್‌ನ ಉಪನದಿ ರಿಯೊ ನೀಗ್ರೊದ ನೀರಿನ ಪಿಎಚ್ 5ರ ಆಸುಪಾಸು ಇರುತ್ತದಲ್ಲ, ಅಲ್ಲಿ ಮೀನು ಹೇಗೆ ಬದುಕುತ್ತವೆ ಅಂತ ಕೇಳಬಹುದು. ಅಲ್ಲಿನ ಮೀನಿಗೆ ಅದು ತಲೆತಲಾಂತರದ ರೂಢಿ. ಮೇಲಾಗಿ ಆ ನೀರು ಚಹಾದ ಡಿಕಾಕ್ಷನ್ ಥರ ಇರುತ್ತದೆ. ಕಾಡಿನ ಎಲೆ, ಕಟ್ಟಿಗೆ ಕೊಳೆತು ಬಿಟ್ಟ ಹ್ಯೂಮಿಕ್ ಅಂಶ ಅದು. ಹುಳಿ ಜಾಸ್ತಿಯಾದರೆ ಮೀನಿನ ಕಿವಿರಿನಿಂದ ಸೋಡಿಯಂ ಸೋರಿಹೋಗುತ್ತದೆ. ಈ ಕಂದು ಅಂಶ ಆ ಸೋರಿಕೆ ತಡೆಯಲು ನೆರವಾಗುತ್ತದೆ, ತಾಮ್ರದಂಥ ಲೋಹವನ್ನೂ ಹಿಡಿದಿಟ್ಟು ವಿಷ ತಗ್ಗಿಸುತ್ತದೆ. ನನ್ನ ಟ್ಯಾಂಕಿನಲ್ಲಿ ಹುಳಿ ಮಾತ್ರ ಇತ್ತು, ನೀರು ಗಾಜಿನಂತೆ ತಿಳಿ.

ಅಂಗಡಿಯ ಟೆಟ್ರಾಗಳು ಹೆಚ್ಚಾಗಿ ಫಾರ್ಮ್‌ನಲ್ಲಿ ಹುಟ್ಟಿದವು. 7ರ ಹತ್ತಿರ ಏರುಪೇರಿಲ್ಲದ ನೀರು ಕೊಟ್ಟರೆ ಸಾಕು. ಅದಕ್ಕೆ ಟೆರೇಸಿನ ಮಳೆನೀರು ಹಿಡಿದು, ಮೊದಲ ಮಳೆಯದ್ದು ಚೆಲ್ಲಿ, ಬೋರ್ ನೀರಿಗೆ ಬೆರೆಸಿ. ಆಮೇಲೆ ಕಾಡುಬಾದಾಮಿಯ ಉದುರಿದ ಒಣ ಎಲೆ ಒಂದೆರಡು ತೊಳೆದು ಹಾಕಿ. ಬರೀ ಬೋರ್ ನೀರಿಗೆ ಎಲೆ ಹಾಕಿದರೆ ಬಣ್ಣ ಬರುತ್ತದೆ, ಪಿಎಚ್ ಅಲುಗಾಡುವುದಿಲ್ಲ. ಇಷ್ಟೆಲ್ಲ ಯಾಕೆ ಅನಿಸಿದರೆ ಸುಮ್ನೆ ಗಪ್ಪಿ ತನ್ನಿ, ನಮ್ಮ ಗಡಸು ನೀರು ಅವಕ್ಕೆ ತವರುಮನೆ ಇದ್ದ ಹಾಗೆ. ಡ್ರಾಪ್ಸ್ ಆಗಲೇ ತಂದಿದ್ದರೆ, ಸೀಲ್ ಒಡೆಯದೆ ವಾಪಸ್ ಕೊಟ್ಟು ಬನ್ನಿ.